ಅಂತೋಣಿಕೊಪ್ಪಲಿನ ಪ್ರತಿನಿಧಿ

ಇನ್ನಾಸಪ್ಪನವರು ಹದಿನೆಂಟು ವರ್ಷ ನಮ್ಮ ಚರ್ಚಿನ ಪಾಲನಾ ಸಮಿತಿಯಲ್ಲಿದ್ದರು. ಅಷ್ಟು ವರ್ಷದಲ್ಲಿ ಸಭೆಯೊಳಗೆ ಅವರಾಡಿದ ಮಾತುಗಳನ್ನೆಲ್ಲ ಒಟ್ಟುಮಾಡಿದರೂ ಒಂದು ಪೋಸ್ಟ್ ಕಾರ್ಡ್ ತುಂಬುವುದಿಲ್ಲ. ಇದನ್ನು ನಾನು ಹಾಸ್ಯಕ್ಕೆ ಹೇಳುತ್ತಿಲ್ಲ. ಹನ್ನೊಂದು ವರ್ಷದಿಂದ ಸಮಿತಿಯ ಕಾರ್ಯದರ್ಶಿ ನಾನೇ. ಯಾರು ಎಷ್ಟು ಮಾತಾಡಿದರು, ಯಾರು ಎಷ್ಟು ಆಕಳಿಸಿದರು ಎಲ್ಲ ನನಗೆ ಗೊತ್ತು. ನಡಾವಳಿ ಪುಸ್ತಕದಲ್ಲಿ ಆಕಳಿಕೆಯನ್ನು ಬರೆಯುವ ಪದ್ಧತಿ ಇಲ್ಲವಷ್ಟೆ.

ನಮ್ಮ ಧರ್ಮಕೇಂದ್ರ ಇರುವುದು ಮಾದಳ್ಳಿ ಗೇಟಿನಲ್ಲಿ, ಹುಣಸೂರಿನಿಂದ ಪಿರಿಯಾಪಟ್ಟಣಕ್ಕೆ ಹೋಗುವ ಕಡೆ. ಅದಕ್ಕೆ ಸೇರಿದ ನಾಲ್ಕು ಸಣ್ಣ ಊರುಗಳಲ್ಲಿ ಒಂದೊಂದು ಚಾಪೆಲ್ ಇದೆ. ಒಬ್ಬರೇ ಗುರುಗಳು ಐದೂ ಕಡೆ ಸುತ್ತಬೇಕು. ಅವರೊಬ್ಬರಿಗೇ ಎಲ್ಲ ಊರಿನ ಕಷ್ಟಸುಖ ತಿಳಿಯುವುದಿಲ್ಲ ಅಂತ ಸಣ್ಣ ಊರಿಗೊಬ್ಬರನ್ನೂ ಗೇಟಿನಿಂದ ಐವರನ್ನೂ ಆರಿಸಿ, ಸಿಸ್ಟರ್‌ಗಳಿಂದ ಒಬ್ಬರು, ಧರ್ಮಪಾಠ ಹೇಳುವ ಉಪದೇಶಿ, ನಾನು, ಹೀಗೆ ಹನ್ನೆರಡು ಜನರನ್ನು ಕೂರಿಸಿ ಪಾಲನಾ ಸಮಿತಿ ಅನ್ನುತ್ತಾರೆ. ತೀರ್ಮಾನ ಮಾಡುವುದು ಗುರುಗಳೇ. ನಾವು ನಮ್ಮೂರಿನ ಸಂಗತಿ ಅವರ ಕಿವಿಗೆ ಹಾಕಬೇಕು, ಅಷ್ಟೇ ನಮ್ಮ ಕೆಲಸ. ಆ ಒಂದು ಕೆಲಸವನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ನಾವು ಚೆನ್ನಾಗಿಯೇ ಮಾಡಿಕೊಂಡು ಬಂದಿದ್ದೇವೆ. ಹಬ್ಬಕ್ಕೆ ಶಾಮಿಯಾನ ಹಾಕಿಸುತ್ತೇವೆ, ಬಿಷಪ್ಪರು ಬಂದರೆ ಹಾರ ತರುತ್ತೇವೆ, ಗುರುಗಳು ಏನು ಹೇಳಿದರೂ ತಲೆಯಾಡಿಸುತ್ತೇವೆ.

ಇನ್ನಾಸಪ್ಪನವರು ಅಂತೋಣಿಕೊಪ್ಪಲಿನ ಪ್ರತಿನಿಧಿ. ಗೇಟಿನಿಂದ ಏಳು ಕಿಲೋಮೀಟರು ಒಳಗೆ, ಹೊಗೆಸೊಪ್ಪಿನ ಹೊಲಗಳ ನಡುವೆ ಇರುವ ಊರು ಅದು, ಕ್ರೈಸ್ತರ ಮನೆ ಹನ್ನೊಂದು. ಅವರು ಪ್ರಾಯದಲ್ಲಿ ಸುತ್ತಮುತ್ತಲಿನ ಹೊಗೆಸೊಪ್ಪು ಒಣಗಿಸುವ ಶಾಖದ ಮನೆಗಳಲ್ಲಿ, ಅಂದರೆ ಬ್ಯಾರನ್‌ಗಳಲ್ಲಿ ಸೊಪ್ಪು ಬೇಯಿಸುವ ಕೆಲಸ ಮಾಡುತ್ತಿದ್ದರು. ಗೋಡೆಗೆ ಅಂಗೈ ಒತ್ತಿ ಒಳಗೆ ಶಾಖ ಎಷ್ಟಿದೆ ಎಂದು ಹೇಳುತ್ತಿದ್ದರಂತೆ. ಬೆಂಕಿಯ ಮುಂದೆ ಒಬ್ಬರೇ ಕೂತು ಕೂತು ಮಾತು ಮರೆತರೋ, ಮಾತು ಬಾರದವರೆಂದೇ ಆ ಕೆಲಸ ಅವರಿಗೆ ಒಗ್ಗಿತೋ, ನನಗೆ ತಿಳಿಯದು. ಎತ್ತರದ ಆಳು, ಸ್ವಲ್ಪ ಬಾಗಿದ ಬೆನ್ನು. ಬಿಳಿ ಅಂಗಿಯ ಮೇಲಿನ ಗುಂಡಿಯನ್ನು ಸೆಕೆಗಾಲದಲ್ಲೂ ಬಿಚ್ಚುತ್ತಿರಲಿಲ್ಲ.

ಮಾತಿಗೆ ಅವರ ಹೆಂಡತಿ ಲೂರ್ದಮ್ಮ ಇದ್ದರು. ಕೃಷ್ಣರಾಜನಗರದ ಕಡೆಯಿಂದ ಬಂದ ಹೆಣ್ಣುಮಗಳು, ಕಾವೇರಿ ನೀರು ಕುಡಿದು ಬೆಳೆದ ಗಂಟಲು ಅಂತ ತಾವೇ ಹೇಳಿಕೊಂಡು ನಗುತ್ತಿದ್ದರು. ಮದುವೆಯಾದ ದಿನದಿಂದ ಇಬ್ಬರ ಪಾಲಿನ ಮಾತನ್ನೂ ಅವರೇ ಆಡಿದರು. ಚಾಪೆಲ್ಲಿನಲ್ಲಿ ಹಾಡು ಎತ್ತಿಕೊಡುವವರು ಅವರೇ, ಬೋರ್‌ವೆಲ್ ಕೆಟ್ಟರೆ ಪಂಚಾಯ್ತಿಯವರನ್ನು ಹಿಡಿದು ನಿಲ್ಲಿಸುವವರೂ ಅವರೇ. ಸಮಿತಿಯ ಸಭೆ ಇದ್ದ ದಿನ ಗಂಡನಿಗೆ ಪಾಠ ಹೇಳಿಕೊಟ್ಟು ಕಳಿಸುತ್ತಿದ್ದರು.

“ಗುಡಿ ಸೂರು ಸೋರ್ತಾ ಅದೆ ಅಂತ ಯೋಳಿ. ಮರ್ತು ಬಂದ್ರೆ ಅನ್ನ ಇಕ್ಕಾಕಿಲ್ಲ ನೋಡಿ ಮತ್ತೆ.”

ಇನ್ನಾಸಪ್ಪನವರು ಮರೆಯುತ್ತಿರಲಿಲ್ಲ, ಹೇಳುತ್ತಲೂ ಇರಲಿಲ್ಲ. ಮುಂದಿನ ಪೂಜೆಯ ದಿನ ಲೂರ್ದಮ್ಮನೇ ಗುರುಗಳನ್ನು ಜಗಲಿಯ ಮೇಲೆ ಅಡ್ಡಗಟ್ಟಿ ಹೇಳಿ ಮುಗಿಸುತ್ತಿದ್ದರು. ಊರಿಗೆ ಇದರಿಂದ ಏನೂ ನಷ್ಟವಾಗಲಿಲ್ಲ. ಪ್ರತಿನಿಧಿ ಕಾಗದದಲ್ಲಿ ಗಂಡ, ಕೆಲಸದಲ್ಲಿ ಹೆಂಡತಿ ಅಂತ ನಾವು ಅವರ ಎದುರಿಗೇ ಆಡಿಕೊಳ್ಳುತ್ತಿದ್ದೆವು. ಇನ್ನಾಸಪ್ಪನವರೂ ನಗುತ್ತಿದ್ದರು.

ಆದರೆ ನ್ಯಾಯವಾಗಿ ಹೇಳಬೇಕು. ಅವರು ಒಂದು ಸಲ ಬಾಯಿ ಬಿಟ್ಟಿದ್ದರು. ಆಗ ನಾನಿನ್ನೂ ಕಾರ್ಯದರ್ಶಿಯಾಗಿರಲಿಲ್ಲ, ಬರೀ ಸದಸ್ಯೆ. ಆಗಿನ ಗುರುಗಳನ್ನು ನಾವು ದೊಡ್ಡ ಸ್ವಾಮಿ ಅನ್ನುತ್ತಿದ್ದೆವು, ಬಹಳ ಬಿಗಿಯಾದ ಮನುಷ್ಯ. ಅಂತೋಣಿಕೊಪ್ಪಲಿನ ಹಬ್ಬವನ್ನು ಅದರ ತಾರೀಖಿನಂದು ಮಾಡದೆ ಮುಂದಿನ ಭಾನುವಾರಕ್ಕೆ ಹಾಕುವುದೆಂದು ಅವರು ಹೇಳಿದರು. ಇನ್ನಾಸಪ್ಪನವರು ಎದ್ದು ನಿಂತು, “ಅಂಗೆ ಮಾಡುದ್ರೆ ನಮ್ಮೂರೋರ್ಗೆ ಬೇಜಾರಾಯ್ತದೆ ಸ್ವಾಮಿ” ಅಂದರು. ದೊಡ್ಡ ಸ್ವಾಮಿ ಕನ್ನಡಕದ ಮೇಲಿಂದ ನೋಡಿ, “ಇದೇನು ಪಂಚಾಯ್ತಿ ಕಟ್ಟೆ ಅಂದ್ಕೊಂಡ್ಯಾ ಇನ್ನಾಸಪ್ಪ? ಕೂತ್ಕೊ” ಅಂದರು.

ಹನ್ನೆರಡು ಜನರ ಮುಂದೆ ಮೊಮ್ಮಕ್ಕಳಿರುವ ಮನುಷ್ಯನಿಗೆ ಆಡುವ ಮಾತಲ್ಲ ಅದು. ನಾವು ಒಬ್ಬರೂ ಕೆಮ್ಮಲಿಲ್ಲ. ಅಂದು ಕೂತ ಇನ್ನಾಸಪ್ಪನವರು ಮತ್ತೆ ವರ್ಷಗಟ್ಟಲೆ ಸಭೆಯಲ್ಲಿ ಎದ್ದು ನಿಲ್ಲಲಿಲ್ಲ. ಅವರ ಸರದಿ ಬಂದಾಗಲೆಲ್ಲ ಒಂದೇ ಮಾತು: “ಸ್ವಾಮ್ಯೋರು ಯೋಳ್ದಂಗೆ.” ದೊಡ್ಡ ಸ್ವಾಮಿ ವರ್ಗವಾಗಿ ಹೋದರು, ಅವರ ನಂತರ ಇಬ್ಬರು ಬಂದು ಹೋದರು. ಮಾತು ಮಾತ್ರ ಅದೇ ಉಳಿಯಿತು.

ಮೂರು ವರ್ಷದ ಹಿಂದೆ ಲೂರ್ದಮ್ಮನಿಗೆ ಲಕ್ವ ಹೊಡೆಯಿತು. ಮೈಸೂರಿನ ಆಸ್ಪತ್ರೆಯಲ್ಲಿ ಇಪ್ಪತ್ತು ದಿನ ಇದ್ದು ಬಂದರು. ಬಲಗೈ, ಬಲಗಾಲು ಹೋಗಿತ್ತು. ಅದಕ್ಕಿಂತ ಹೆಚ್ಚಾಗಿ ಮಾತು ಹೋಗಿತ್ತು. ನಾವು ಹೇಳಿದ್ದು ಅವರಿಗೆ ಅರ್ಥವಾಗುತ್ತಿತ್ತು, ಉತ್ತರ ಕೊಡಲು ಬಾಯಿ ತೆರೆದರೆ “ಅದು... ಅದು” ಎಂಬುದರಿಂದ ಮುಂದಕ್ಕೆ ಬರುತ್ತಿರಲಿಲ್ಲ. ಅಷ್ಟು ಮಾತಿನ ಹೆಂಗಸು ಗಂಡನ ಹೆಸರನ್ನೂ ಹೇಳಲಾಗದೆ ತುಟಿ ಕಚ್ಚಿಕೊಂಡು ಅಳುವುದನ್ನು ನಾನು ಒಂದು ಸಲ ನೋಡಿದೆ. ಇನ್ನೊಂದು ಸಲ ನೋಡುವ ಧೈರ್ಯವಾಗದೆ ಒಂದು ತಿಂಗಳು ಆ ಮನೆಗೆ ಹೋಗಲಿಲ್ಲ.

ಚಾಪೆಲ್ ಅವರ ಮನೆಯ ಎದುರಿಗೇ ಇದೆ. ಎರಡನೆಯ ಮತ್ತು ನಾಲ್ಕನೆಯ ಭಾನುವಾರ ಅಲ್ಲಿ ಪೂಜೆ. ಇನ್ನಾಸಪ್ಪನವರು ಹೆಂಡತಿಯನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಪಕ್ಕದ ಮನೆಯ ಕಂಠಪ್ಪನನ್ನು ಕರೆದು, ಇಬ್ಬರೂ ಎರಡು ಕಡೆ ಹಿಡಿದು ರಸ್ತೆ ದಾಟಿಸುತ್ತಿದ್ದರು. ಕಂಠಪ್ಪ ನಮ್ಮ ಧರ್ಮದವನಲ್ಲ, ಅವನ ಮನೆದೇವರು ಮಹದೇಶ್ವರ. ಕುರ್ಚಿ ಇಳಿಸಿ ಹೊರಗೆ ಬೇಲಿಯ ಪಕ್ಕ ಬೀಡಿ ಹಚ್ಚಿ ಕೂತಿದ್ದು, ಪೂಜೆ ಮುಗಿದ ಮೇಲೆ ಮತ್ತೆ ಹಿಡಿಯಲು ಬರುತ್ತಿದ್ದ.

ಆಸ್ಪತ್ರೆಯಿಂದ ಬಂದು ಎರಡು ತಿಂಗಳಾಗಿತ್ತು. ಮಕ್ಕಳಿಗೆ ಧರ್ಮೋಪದೇಶ ಹೇಳಲು ನಾನು ಅಂದು ಅಂತೋಣಿಕೊಪ್ಪಲಿಗೆ ಹೋಗಿದ್ದೆ. ಕಾಣಿಕೆ ಅರ್ಪಿಸುವ ಹೊತ್ತಿಗೆ ಹೆಂಗಸರು ಯಾವಾಗಲೂ ಹಾಡುವ ಹಾಡನ್ನು ಎತ್ತಿಕೊಂಡರು. ಹಿಂದಿನಿಂದ ಒಂದು ಗಂಟಲು ಸೇರಿತು. ಒಡೆದಿತ್ತು, ಸಣ್ಣಗಿತ್ತು, ಆದರೆ ಒಂದೊಂದು ಪದವೂ ಸ್ಪಷ್ಟ. ನಾನು ತಿರುಗಿದೆ. ಲೂರ್ದಮ್ಮ ಹಾಡುತ್ತಿದ್ದರು. ಪಲ್ಲವಿಯಿಂದ ಕೊನೆಯ ಚರಣದವರೆಗೆ ಒಂದು ಪದ ತಪ್ಪದೆ ಹಾಡಿದರು. ಹಾಡು ನಿಂತಿತು, ಅವರ ಬಾಯಿಯೂ ನಿಂತಿತು. ಪಕ್ಕದಲ್ಲಿದ್ದ ಇನ್ನಾಸಪ್ಪನವರು ಎರಡೂ ಕೈಯಿಂದ ಮುಖ ಮುಚ್ಚಿಕೊಂಡಿದ್ದರು.

ಕೆಲವರಿಗೆ ಹಾಗಾಗುತ್ತದೆ, ಮಾತು ಹೋದರೂ ಹಾಡು ಉಳಿಯುತ್ತದೆ ಎಂದು ಡಾಕ್ಟರು ಆಮೇಲೆ ಹೇಳಿದರಂತೆ. ಸರಿ, ಮನೆಯಲ್ಲಿ ಹಾಡಿಸೋಣ ಎಂದು ನಾನೂ ಮೂವರು ಹೆಂಗಸರೂ ಹೋಗಿ ಅವರ ಮಂಚದ ಸುತ್ತ ನಿಂತು ಹಾಡಿದೆವು. ಲೂರ್ದಮ್ಮ ನಮ್ಮನ್ನು ನೋಡಿ ನಕ್ಕರು, ತಾಳಕ್ಕೆ ಎಡಗೈ ಆಡಿಸಿದರು, ದನಿ ಬರಲಿಲ್ಲ. ಇನ್ನಾಸಪ್ಪನವರು ಮನೆಯ ಬಾಗಿಲು ಹಾಕಿಕೊಂಡು ತಾವೇ ಹಾಡಿ ನೋಡಿದರಂತೆ. ಅವರ ರಾಗಕ್ಕೆ ಯಾರೂ ದನಿಗೂಡಿಸಲಾರರು, ಅದು ಬೇರೆ ಮಾತು. ಆ ಹೆಂಗಸಿಗೆ ಚಾಪೆಲ್ಲೇ ಬೇಕಿತ್ತು. ಗುರುಗಳು ಪೀಠದ ಮುಂದೆ ಕೈಯೆತ್ತಬೇಕು, ಗಂಟೆ ಬಾರಿಸಬೇಕು, ಮೂವತ್ತು ವರ್ಷ ತಾವು ನಿಂತು ಹಾಡಿದ ಜಾಗದಲ್ಲಿ ಜನ ಎದ್ದು ನಿಲ್ಲಬೇಕು, ಆಗ ಒಳಗಿಂದ ಹಾಡು ಹೊರಡುತ್ತಿತ್ತು.

ಹೀಗೆ ತಿಂಗಳಿಗೆ ಎರಡು ಸಲ, ಐದೈದು ನಿಮಿಷ, ಇನ್ನಾಸಪ್ಪನವರು ಹೆಂಡತಿಯ ದನಿ ಕೇಳುತ್ತಿದ್ದರು. ಶನಿವಾರವೇ ಅವರ ತಲೆ ತೊಳೆದು, ನೀಲಿ ಅಂಚಿನ ಸೀರೆ ತೆಗೆದಿಟ್ಟು, ಎಣಿಸಿಕೊಂಡು ಕಾಯುತ್ತಿದ್ದರು. “ಟೀಚರಮ್ಮ, ಮದುವೆಗೆ ಮುಂಚೆ ಇಂಗೆ ಕಾಯ್ತಿದ್ದೆ ನಾನು,” ಎಂದು ಒಂದು ಸಲ ನನಗೆ ಹೇಳಿ, ಹೇಳಿದ್ದಕ್ಕೆ ನಾಚಿಕೊಂಡರು.

ಹೋದ ವರ್ಷ ಮೇ ತಿಂಗಳಲ್ಲಿ ಫಾದರ್ ಜ್ಞಾನರಾಜ್ ಬಂದರು. ಮೂವತ್ತೈದರ ಯುವಕ, ಒಳ್ಳೆಯವರು. ಸಭೆಯಲ್ಲಿ ಎಲ್ಲರನ್ನೂ ಹೆಸರು ಹಿಡಿದು ಕೇಳುವರು, ಹಿರಿಯರನ್ನು ಬಹುವಚನದಲ್ಲಿ ಕರೆಯುವರು. ನಮಗೆ ಅಭ್ಯಾಸವಿರಲಿಲ್ಲ, ಮೊದಲ ಸಭೆಯಲ್ಲಿ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅದೇ ಸಮಯಕ್ಕೆ ಬಿಷಪ್ಪರು ಶಾಲೆಯ ಜವಾಬ್ದಾರಿಯನ್ನೂ ಅವರ ತಲೆಗೆ ಕಟ್ಟಿದರು. ಭಾನುವಾರ ನಾಲ್ಕು ಪೂಜೆ ಮಾಡಿ ಬಂದು ಬಿಸ್ಕತ್ತು ತಿನ್ನುತ್ತಾ ಕೂತಲ್ಲೇ ನಿದ್ದೆ ಹೋಗುತ್ತಿದ್ದುದನ್ನು ನಾನೇ ಕಂಡಿದ್ದೇನೆ.

ನವೆಂಬರ್ ಸಭೆಯಲ್ಲಿ ಅವರು ವಿಷಯ ಇಟ್ಟರು. ಅಂತೋಣಿಕೊಪ್ಪಲಿನಿಂದ ಹೆಚ್ಚಿನವರು ಬೈಕಿನಲ್ಲಿ ಗೇಟಿನ ಪೂಜೆಗೇ ಬರುತ್ತಿದ್ದಾರೆ. ಚಾಪೆಲ್ಲಿನಲ್ಲಿ ಸೇರುವವರು ಹದಿನೈದು ಇಪ್ಪತ್ತು ಜನ. ಕ್ರಿಸ್ಮಸ್ಸಿಗೆ ಮುಂಚಿನ ಆಗಮನ ಕಾಲದಿಂದ ಅಲ್ಲಿ ಭಾನುವಾರದ ಪೂಜೆ ನಿಲ್ಲಿಸಿ, ನಡೆಯಲಾಗದ ಕಾಯಿಲೆಯವರಿಗೆ ತಿಂಗಳ ಮೊದಲ ಶುಕ್ರವಾರ ಮನೆಗೇ ಪರಮಪ್ರಸಾದ ತಂದುಕೊಟ್ಟರೆ ಹೇಗೆ? “ಇದು ನನ್ನ ಯೋಚನೆ ಅಷ್ಟೇ. ನೀವು ಹೇಳಿ” ಅಂದರು.

ಈ ವಿಷಯ ಬರುತ್ತದೆಂದು ನಮಗೆ ವಾರ ಮೊದಲೇ ಗೊತ್ತಿತ್ತು. ಸಭೆಗೆ ಮುಂಚೆ ಇನ್ನಾಸಪ್ಪನವರು ಚರ್ಚಿನ ಬಾವಿಯ ಹತ್ತಿರ ನನಗಾಗಿ ಕಾದು ನಿಂತಿದ್ದರು.

“ಟೀಚರಮ್ಮ, ನೀವೇ ಒಂದ್ಮಾತು ಯೋಳ್ಬುಡಿ. ಅವ್ಳ ಹಾಡಿನ್ ವಿಸ್ಯ ನಿಮ್ಗೂ ಗೊತ್ತಲ್ಲ.”

ನನಗೆ ರೇಗಿತು. ನನ್ನ ಸ್ವಭಾವವೇ ಹಾಗೆ, ಮೂವತ್ತು ವರ್ಷ ಮಕ್ಕಳಿಗೆ ಎದ್ದು ನಿಂತು ಉತ್ತರ ಹೇಳು ಎಂದು ಗದರಿಸಿದ ಬಾಯಿ. “ನಿಮ್ಮೂರಿನ ಪ್ರತಿನಿಧಿ ನೀವೋ ನಾನೋ? ಇಷ್ಟು ವರ್ಷ ಕೂತಿದ್ದೀರಿ, ಹೆಂಡತಿಗೋಸ್ಕರ ಒಂದು ಮಾತು ಆಡೋಕಾಗಲ್ವಾ? ನೀವೇ ಹೇಳಿ,” ಅಂದೆ.

ಅವರು ತಲೆ ತಗ್ಗಿಸಿ, “ಆಯ್ತು, ನಾನೇ ಯೋಳ್ತೀನಿ,” ಅಂದರು. ಒಂದೊಳ್ಳೆ ಪಾಠ ಕಲಿಸಿದೆ ಎಂದುಕೊಂಡು ನಾನು ಒಳಗೆ ಹೋದೆ.

ನಮ್ಮಲ್ಲಿ ಒಂದು ರೂಢಿ ಇದೆ. ಯಾವ ಊರಿನ ವಿಷಯವೋ ಆ ಊರಿನವರು ಕೊನೆಯಲ್ಲಿ ಮಾತಾಡಬೇಕು. ಅವರ ಮಾತಿಗೆ ತೂಕ ಇರಲಿ ಎಂದು ಯಾರೋ ಹಿಂದೆ ಮಾಡಿದ್ದು. ಅದರಿಂದ ಅಂದು ಆದದ್ದೇನೆಂದರೆ, ಇನ್ನಾಸಪ್ಪನವರು ಬಾಯಿ ತೆರೆಯುವ ಹೊತ್ತಿಗೆ ಹತ್ತು ಜನ ಒಪ್ಪಿಯಾಗಿತ್ತು. ಉಪದೇಶಿ ಒಪ್ಪಿದರು, ಸಿಸ್ಟರ್ ಒಪ್ಪಿದರು, ಬೇರೆ ಊರುಗಳವರು ತಮ್ಮ ಊರಿನ ಪೂಜೆ ಉಳಿಯಿತಲ್ಲ ಎಂದು ಎರಡೆರಡು ಸಲ ಒಪ್ಪಿದರು. ನನ್ನ ಸರದಿಯಲ್ಲಿ ನಾನು, “ಆ ಊರಿನವರು ಹೇಳಿದ ಮೇಲೆ ನೋಡೋಣ,” ಎಂದು ಜಾಣತನ ಮೆರೆದೆ.

“ಇನ್ನಾಸಪ್ನೋರೆ, ನೀವು ಏನಂತೀರಿ?” ಎಂದು ಫಾದರ್ ಕೇಳಿದರು.

ಇನ್ನಾಸಪ್ಪನವರು ಎದ್ದರು. ಅಷ್ಟು ವರ್ಷದ ಮೇಲೆ ಅವರು ಎದ್ದು ನಿಂತದ್ದನ್ನು ಕಂಡು ನಾನು ಪೆನ್ನು ಎತ್ತಿಕೊಂಡೆ. ಬೆಂಚಿನ ಅಂಚನ್ನು ಗಟ್ಟಿಯಾಗಿ ಹಿಡಿದಿದ್ದರು. ಗಂಟಲು ಸರಿಮಾಡಿಕೊಂಡರು. ಹನ್ನೊಂದು ಮುಖಗಳು ಅವರತ್ತ ತಿರುಗಿದವು. ಫಾದರ್ ಮುಂದಕ್ಕೆ ಬಾಗಿ, ಕೇಳುವುದಕ್ಕೆಂದೇ ಕೂತಿದ್ದರು.

“ಸ್ವಾಮ್ಯೋರು ಯೋಳ್ದಂಗೆ,” ಅಂದು ಇನ್ನಾಸಪ್ಪನವರು ಕೂತುಬಿಟ್ಟರು.

ಈಗಲೂ ಆ ಗಳಿಗೆಯನ್ನು ನೆನೆದರೆ ನನ್ನ ಮೇಲೆ ನನಗೆ ಅಸಹ್ಯವಾಗುತ್ತದೆ. ಪೆನ್ನು ಕೈಯಲ್ಲಿತ್ತು. ಫಾದರ್, ಒಂದು ನಿಮಿಷ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಹೊರಗೆ ಅಷ್ಟು ಜೋರು ಮಾಡಿದ ಮೇಲೆ ಈಗ ನಾನೇ ಹೇಳುವುದೇ ಎಂಬ ಹಟ, ಇವರಿಗೇ ಬೇಡವಾದರೆ ನನಗೇನು ಎಂಬ ಸಿಟ್ಟು. ಅಂತೋಣಿಕೊಪ್ಪಲಿನ ಪ್ರತಿನಿಧಿಯೂ ಒಪ್ಪಿದರು ಎಂದು ಬರೆದೆ. ಅಕ್ಷರಗಳು ಬಹಳ ಚೆನ್ನಾಗಿ ಬಂದಿವೆ.

ಆಗಮನ ಕಾಲದ ಮೊದಲ ಭಾನುವಾರದಿಂದ ಪೂಜೆ ನಿಂತಿತು. ಫಾದರ್ ಮಾತಿಗೆ ತಪ್ಪಲಿಲ್ಲ, ಮೊದಲ ಶುಕ್ರವಾರ ಮನೆಗೆ ಬಂದು ಲೂರ್ದಮ್ಮನಿಗೆ ಪರಮಪ್ರಸಾದ ಕೊಟ್ಟು, ತಲೆ ಮುಟ್ಟಿ ಹರಸಿ ಹೋಗುತ್ತಿದ್ದರು. ಹತ್ತು ನಿಮಿಷದ ಪ್ರಾರ್ಥನೆ. ಆ ಹೆಂಗಸು ಮಾತಾಡುವುದಿಲ್ಲ ಎಂಬುದನ್ನು ಅವರು ಕಾಯಿಲೆಯ ನಿಶ್ಶಕ್ತಿ ಅಂದುಕೊಂಡಿದ್ದರು. ಚಾಪೆಲ್ಲಿನಲ್ಲಿ ಹಾಡುತ್ತಿದ್ದುದನ್ನು ಪೀಠದಿಂದ ನೋಡಿದ್ದರು ನಿಜ, ಹಾಡುವ ಹತ್ತು ಹೆಂಗಸರಲ್ಲಿ ಇವರೂ ಒಬ್ಬರು ಅಂತ. ಅವರಿಗೆ ಹೇಳಿದವರಾದರೂ ಯಾರು?

ಕ್ರಿಸ್ಮಸ್ಸಿಗೆ ಇನ್ನಾಸಪ್ಪನವರು ಆಟೋ ಮಾಡಿಕೊಂಡು ಹೆಂಡತಿಯನ್ನು ಗೇಟಿಗೇ ಕರೆತಂದರು. ಏಳು ಕಿಲೋಮೀಟರು ಗುಂಡಿ ಬಿದ್ದ ದಾರಿ, ಸೊಂಟಕ್ಕೆ ಟವೆಲು ಕಟ್ಟಿ ಹಿಡಿದುಕೊಂಡು ಬಂದಿದ್ದರು. ದೊಡ್ಡ ಚರ್ಚು, ಕಿಕ್ಕಿರಿದ ಜನ, ಹುಡುಗರ ಕೀಬೋರ್ಡು, ಸ್ಪೀಕರು, ಹೊಸ ಹೊಸ ರಾಗ. ಲೂರ್ದಮ್ಮ ಹೆದರಿ ಗಂಡನ ತೋಳು ಬಿಡಲಿಲ್ಲ. ಕಾಣಿಕೆಯ ಹಾಡು ಬಂತು. ಇನ್ನಾಸಪ್ಪನವರು ಹೆಂಡತಿಯ ತುಟಿಯನ್ನೇ ನೋಡುತ್ತಿದ್ದರು. ನಾನು ಈ ಕಡೆಯ ಸಾಲಿನಿಂದ ಅವರನ್ನೇ ನೋಡುತ್ತಿದ್ದೆ. ತುಟಿ ಅಲುಗಲಿಲ್ಲ.

ಹೊರಗೆ ಬಂದಾಗ ನಾನು, “ಫಾದರ್ ಹತ್ರ ಈಗಲಾದ್ರೂ ಹೋಗೋಣ ಬನ್ನಿ,” ಅಂದೆ. “ಹಬ್ಬದ ದಿನ ಅವ್ರಿಗ್ಯಾಕೆ ತಲೆನೋವು ಬುಡಿ ಟೀಚರಮ್ಮ. ಆಗೋದಾಗೋಯ್ತು,” ಅಂದರು. ನಾನು ಅವರನ್ನು ಎಳೆದುಕೊಂಡು ಹೋಗಬೇಕಿತ್ತು. ಹೊಸ ವರ್ಷ ಕಳೆಯಲಿ, ಮುಂದಿನ ಸಭೆಯಲ್ಲಿ ನೋಡೋಣ ಎಂದು ನಾನೂ ಮನೆಗೆ ಹೋದೆ. ಜನವರಿಯ ಸಭೆ ಶಾಲೆಯ ವಾರ್ಷಿಕೋತ್ಸವದ ಗದ್ದಲದಲ್ಲಿ ನಡೆಯಲಿಲ್ಲ. ಫೆಬ್ರವರಿಯ ಹೊತ್ತಿಗೆ ಲೂರ್ದಮ್ಮ ಊಟ ಬಿಡತೊಡಗಿದ್ದರು. “ಅದು... ಅದು” ಎನ್ನುವುದನ್ನೂ ಬಿಟ್ಟಿದ್ದರು. ಕರೆದರೆ ಕಣ್ಣು ತಿರುಗಿಸುತ್ತಿದ್ದರು ಅಷ್ಟೇ.

ಈಸ್ಟರಿಗೆ ಮುಂಚಿನ ತಪಸ್ಸು ಕಾಲದ ಎರಡನೆಯ ವಾರ, ಒಂದು ಬುಧವಾರ ಬೆಳಿಗ್ಗೆ ತೀರಿಕೊಂಡರು. ಪೂಜೆ ನಿಂತಿದ್ದಕ್ಕೇ ಸತ್ತರು ಎಂದು ನಾನು ಹೇಳುವುದಿಲ್ಲ, ಲಕ್ವ ಎರಡನೆಯ ಸಲ ಹೊಡೆಯಿತು ಎಂದು ಡಾಕ್ಟರು ಹೇಳಿದ್ದಾರೆ. ಆದರೆ ಆ ಕೊನೆಯ ಮೂರೂವರೆ ತಿಂಗಳು ಆ ಮನೆಯಲ್ಲಿ ಒಂದು ಮಾತೂ ಇರಲಿಲ್ಲ, ಒಂದು ಹಾಡೂ ಇರಲಿಲ್ಲ. ಅದು ಡಾಕ್ಟರ ಲೆಕ್ಕಕ್ಕೆ ಬರುವುದಿಲ್ಲ.

ಮಣ್ಣು ಮಾಡಿದ ಏಳನೆಯ ದಿನ ಮನೆಯಲ್ಲಿ ಪ್ರಾರ್ಥನೆ ಇತ್ತು. ಮುಗಿದ ಮೇಲೆ ಜಗಲಿಯಲ್ಲಿ ಫಾದರ್, ಇನ್ನಾಸಪ್ಪನವರು, ನಾನು, ಕಂಠಪ್ಪ ಕಾಫಿ ಕುಡಿಯುತ್ತಾ ಕೂತಿದ್ದೆವು. ಫಾದರ್ ಏನಾದರೂ ಮಾತಾಡಬೇಕಲ್ಲ ಎಂದು, “ಅಮ್ಮ ಬಹಳ ಚೆನ್ನಾಗಿ ಹಾಡ್ತಿದ್ರು,” ಅಂದರು.

ಕಂಠಪ್ಪನಿಗೆ ಗುರುಗಳ ಭಯವಿಲ್ಲ, ಸಮಿತಿಯ ಭಯ ಮೊದಲೇ ಇಲ್ಲ. “ಹಾಡ್ತಿತ್ತು ಸ್ವಾಮಿ. ಮಾತೇ ಇಲ್ದಿದ್ ಯಮ್ಮ, ನಿಮ್ ಪೂಜೆ ದಿನ ಮಾತ್ರ ಹಾಡ್ತಿತ್ತು. ನಾನು ಬೇಲಿ ತಾವ್ ಕೂತ್ಕೊಂಡು ಅದ್ನೇ ಕೇಳ್ತಿದ್ದೆ. ನೀವು ಪೂಜೆ ನಿಲ್ಸುದ್ರಿ, ಆ ಯಮ್ಮನ್ ಬಾಯೂ ನಿಂತೋಯ್ತು,” ಅಂದ.

ಫಾದರ್‌ಗೆ ಮೊದಲು ಅರ್ಥವಾಗಲಿಲ್ಲ. ನನ್ನ ಮುಖ ನೋಡಿದರು. ಇನ್ನು ಮುಚ್ಚಿಡುವುದು ಏನಿತ್ತು? ಎಲ್ಲವನ್ನೂ ಹೇಳಿದೆ. ಬಾವಿಯ ಹತ್ತಿರದ ಮಾತನ್ನೂ ಬಿಡಲಿಲ್ಲ. “ನನಗೂ ಗೊತ್ತಿತ್ತು ಫಾದರ್. ನಾನೂ ಹೇಳಲಿಲ್ಲ,” ಅಂದೆ.

ಅವರ ಮುಖ ಬಿಳಚಿಕೊಂಡಿತು. ಲೋಟವನ್ನು ಕೆಳಗಿಟ್ಟು ಇನ್ನಾಸಪ್ಪನವರ ಕಡೆ ತಿರುಗಿದರು. “ನಿಮ್ಮನ್ನ ಕೇಳಿದೆನಲ್ಲ ಇನ್ನಾಸಪ್ನೋರೆ. ಯಾಕೆ ಹೇಳಲಿಲ್ಲ?”

“ಐದೂರು ಸುತ್ತಿ ದಣಿದಿದ್ರಿ ಸ್ವಾಮಿ. ನನ್ ಯೆಂಡ್ತಿ ಹಾಡ್ಲಿ, ಅದ್ಕೊಂದು ಪೂಜೆ ಮಡಗಿ ಅಂತ ಯಾವ ಮೊಕ ಇಟ್ಕೊಂಡು ಕೇಳ್ಲಿ? ಕೇಳುದ್ರೂ ಆಯ್ತಿರ್ಲಿಲ್ಲ ಬುಡಿ. ಎಲ್ರೂ ಒಪ್ಪಾಗಿತ್ತು.” ಇನ್ನಾಸಪ್ಪನವರು ಸಮಾಧಾನದಿಂದಲೇ ಹೇಳಿದರು. ಗುರುಗಳಿಗೆ ನೋವಾಯಿತಲ್ಲ ಎಂದು ಅವರಿಗೇ ಸಂಕಟ.

ಆಗ ಫಾದರ್ ಹೌದು ಎಂದು ಸುಮ್ಮನಾಗಿದ್ದರೆ ಎಷ್ಟು ಚೆನ್ನಾಗಿತ್ತು. ಚಿಕ್ಕ ವಯಸ್ಸು, ಸುಳ್ಳು ಬಾರದ ಮನುಷ್ಯ. “ನಾನಿನ್ನೂ ತೀರ್ಮಾನ ಮಾಡಿರಲಿಲ್ಲ. ನಿಮ್ಮ ಮಾತು ಕೇಳಿ ಮಾಡೋಣ ಅಂತಲೇ ಕೂತಿದ್ದೆ. ಗೊತ್ತಿದ್ದಿದ್ರೆ ಅವರೊಬ್ಬರಿಗೋಸ್ಕರವೇ ಬರ್ತಿದ್ದೆ,” ಅಂದರು. ಅವರ ಕಣ್ಣಲ್ಲಿ ನೀರಿತ್ತು.

ಇನ್ನಾಸಪ್ಪನವರು ಎದುರಿನ ಚಾಪೆಲ್ಲಿನ ಬಾಗಿಲಿನತ್ತ ನೋಡಿದರು. ಆಮೇಲೆ, “ಒಂದ್ಮಾತು ಯೋಳಿದ್ರೆ ಸಾಕಿತ್ತಾ ಸ್ವಾಮಿ?” ಎಂದು ಕೇಳಿದರು.

“ಸಾಕಿತ್ತು,” ಅಂದರು ಫಾದರ್.

ಆ ಗಳಿಗೆಯವರೆಗೆ ಇನ್ನಾಸಪ್ಪನವರಿಗೆ ಹೆಂಡತಿ ಸತ್ತ ದುಃಖ ಒಂದೇ ಇತ್ತು.